ಐಸ್ ಟ್ರೇಗೆ ನೀರೇ ಬೀಳುತ್ತಿಲ್ಲ: ಬಂಗಾರಪೇಟೆಯಿಂದ ಒಂದು ಪ್ರಶ್ನೆ

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಬಾಗಿಲು ಅಕ್ಕಪಕ್ಕ ಇರುವ ದೊಡ್ಡ ಫ್ರಿಜ್ ಇದೆ. ತಗೊಂಡು ಮೂರು ವರ್ಷ ಆಯಿತು. ಅದರೊಳಗೇ ಐಸ್ ಮೇಕರ್ ಇದೆ. ಮೊದಲು ಟೆರೇಸ್ ಮೇಲಿನ ಪ್ರೆಶರ್ ಪಂಪ್ ಲೈನ್‌ನಿಂದ ಅದಕ್ಕೆ ನೀರು ಕೊಟ್ಟಿದ್ದೆವು. ಐಸ್ ಕರಗಿದಾಗ ಲೋಟದಲ್ಲಿ ಬಿಳಿ ಚೂರು ತೇಲುತ್ತಿತ್ತು. ಅದಕ್ಕೇ ಕಳೆದ ವರ್ಷ ಪ್ಲಂಬರ್ ಕರೆಸಿ, ಗೋಡೆಗೆ ಹಾಕಿರುವ ಆರ್‌ಒದಿಂದ ಪೈಪ್ ಎಳೆಸಿದೆವು. ಸ್ವಲ್ಪ ದಿನ ಐಸ್ ಬಂತು. ಆಮೇಲೆ ತೆಳ್ಳಗಾಗುತ್ತಾ ಹೋಯಿತು. ಈಗ ಎರಡು ತಿಂಗಳಿಂದ ಟ್ರೇ ಒಣಗಿದೆ. ಬಾಗಿಲಿನ ನಲ್ಲಿಯಲ್ಲೂ ನೀರು ದಾರದ ಹಾಗೆ ಬರುತ್ತದೆ. ಮೆಕ್ಯಾನಿಕ್ ಬಂದು ಐದು ನಿಮಿಷ ನೋಡಿ, "ಐಸ್ ಮೇಕರ್ ಹೋಗಿದೆ, ಪೂರ್ತಿ ಸೆಟ್ ಬದಲಾಯಿಸಬೇಕು" ಎಂದರು. ಬದಲಾಯಿಸಲೇಬೇಕಾ?

ಉತ್ತರ: ಬೇಡ. ಸದ್ಯಕ್ಕಂತೂ ಬೇಡ. ನೀವು ಬರೆದ ಹತ್ತು ಸಾಲಿನಲ್ಲೇ ತೊಂದರೆ ಎಲ್ಲಿದೆ ಅಂತ ಹೆಚ್ಚುಕಮ್ಮಿ ಗೊತ್ತಾಗುತ್ತಿದೆ. ನಿಮ್ಮ ಐಸ್ ಮೇಕರ್ ಗಟ್ಟಿಮುಟ್ಟಾಗಿಯೇ ಇರಬೇಕು, ಅದಕ್ಕೆ ನೀರು ಮುಟ್ಟುತ್ತಿಲ್ಲ ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನೀರಿನ ತೊಂದರೆಗೆ ಯಂತ್ರ ಬದಲಾಯಿಸಿದರೆ ಹೊಸ ಯಂತ್ರವೂ ಸ್ವಲ್ಪ ದಿನಕ್ಕೆ ಹೀಗೇ ಒಣಗಿ ಕೂರುತ್ತದೆ.

ನನ್ನ ಕಣ್ಣಿಗೆ ಬಿದ್ದದ್ದು ಎರಡು ಮಾತು. ಒಂದು, ಐಸ್ ತೆಳ್ಳಗಾಗುತ್ತಾ ಹೋಗಿ ನಿಂತಿತು ಅಂದಿದ್ದೀರಿ. ಮೋಟರ್ ಸುಟ್ಟರೆ, ಗೇರ್ ಮುರಿದರೆ ಹಾಗಾಗುವುದಿಲ್ಲ. ನಿನ್ನೆ ಬರುತ್ತಿತ್ತು, ಇವತ್ತಿಲ್ಲ, ಹಾಗೆ ನಿಲ್ಲುತ್ತದೆ. ದಿನಾ ಸಣಕಲಾಗುತ್ತಾ ಬಂದು ನಿಂತರೆ ಅದು ನೀರಿನ ಕತೆ. ಇನ್ನೊಂದು, ಬಾಗಿಲಿನ ನಲ್ಲಿಯಲ್ಲೂ ನೀರು ದಾರದ ಹಾಗೆ ಬರುತ್ತಿದೆ. ಆ ನಲ್ಲಿಗೂ ಐಸ್ ಮೇಕರ್‌ಗೂ ಹಿಂದಿನಿಂದ ನೀರು ತರುವುದು ಒಂದೇ ಪೈಪ್. ಮನೆಯಲ್ಲಿ ಇಬ್ಬರು ಮಕ್ಕಳೂ ಹಸಿದಿದ್ದರೆ ಅಡುಗೆಮನೆಯಲ್ಲಿ ಏನಾಗಿದೆ ಅಂತ ತಾನೇ ನೋಡಬೇಕು?

ಪೈಪ್ ಜೋಡಿಸುವ ಇಂಥ ಫ್ರಿಜ್‌ಗಳಲ್ಲಿ ನೀರು ಎಳೆಯುವ ಪಂಪ್ ಸಾಮಾನ್ಯವಾಗಿ ಇರುವುದಿಲ್ಲ. ಈ ಸಂಗತಿ ಎಷ್ಟೋ ಜನರಿಗೆ ಗೊತ್ತಿಲ್ಲ. ಫ್ರಿಜ್ ಬೆನ್ನಿನಲ್ಲಿ, ಕೆಳಗಡೆ, ಒಂದು ಸಣ್ಣ ವಾಲ್ವ್ ಇರುತ್ತದೆ. ಟ್ರೇ ಖಾಲಿಯಾದಾಗ ಅದಕ್ಕೆ ಕರೆಂಟ್ ಹೋಗುತ್ತದೆ. ಏಳೆಂಟು ಸೆಕೆಂಡ್ ಬಾಯಿ ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ. ಆ ಹೊತ್ತಿನಲ್ಲಿ ಟ್ರೇಗೆ ಬೇಕಾದ 100 ರಿಂದ 150 ಮಿಲಿಲೀಟರ್ ನೀರು ತಾನಾಗಿ ನುಗ್ಗಿ ಬರಬೇಕು. ಪೂರ್ತಿ ಬಂತೋ, ಅರ್ಧ ಬಂತೋ ಅಂತ ಬಹಳಷ್ಟು ಮಾಡೆಲ್‌ಗಳು ತಿರುಗಿಯೂ ನೋಡುವುದಿಲ್ಲ. ಅರ್ಧ ಬಂದರೆ ಅರ್ಧ ಐಸ್. ನೀವು ನೋಡಿದ ತೆಳು ಬಿಲ್ಲೆ ಅದೇ.

ಈಗ ನಿಮ್ಮ ಆರ್‌ಒ ಕಡೆ ಬರೋಣ. ನೀರು 10 ಮೀಟರ್ ಎತ್ತರದಿಂದ ಇಳಿದರೆ ಸುಮಾರು 1 ಬಾರ್ ಪ್ರೆಶರ್ ಸಿಗುತ್ತದೆ. ನಮ್ಮ ಪ್ಲಂಬರ್‌ಗಳ ಲೆಕ್ಕದಲ್ಲಿ 14 ಪಿಎಸ್‌ಐ. ಫ್ರಿಜ್ ತಯಾರಿಸುವವರು ಕಡಿಮೆಯೆಂದರೂ 20 ಪಿಎಸ್‌ಐ ಕೇಳುತ್ತಾರೆ, ಕೆಲವರು 30 ಕೇಳುತ್ತಾರೆ. ಗೋಡೆ ಮೇಲಿನ ಆರ್‌ಒದ ಒಳಗೆ ಇರುವುದು ಏಳೆಂಟು ಲೀಟರ್ ಹಿಡಿಯುವ ಸಾದಾ ಪ್ಲಾಸ್ಟಿಕ್ ಡಬ್ಬ. ಅದರೊಳಗಿನ ಪಂಪ್ ಸದ್ದು ಮಾಡುವುದನ್ನು ಕೇಳಿ "ಪಂಪ್ ಇದೆಯಲ್ಲ" ಅಂತ ಪ್ಲಂಬರ್ ಅಂದುಕೊಂಡಿರಬಹುದು. ಆ ಪಂಪ್ ಇರುವುದು ನೀರನ್ನು ಮೆಂಬ್ರೇನ್, ಅಂದರೆ ಉಪ್ಪು ಸೋಸುವ ಪೊರೆಯ ಒಳಗೆ ತಳ್ಳುವುದಕ್ಕೆ. ಆ ಕಡೆಯಿಂದ ನೀರು ಸಣ್ಣಗೆ ಡಬ್ಬಕ್ಕೆ ಇಳಿಯುತ್ತದೆ. ಪ್ರೆಶರ್ ಅಲ್ಲಿಗೆ ಮುಗಿಯಿತು. ಡಬ್ಬದಿಂದ ಆಚೆ ಬರುವ ನೀರಿಗೆ ಎತ್ತರ ಬಿಟ್ಟರೆ ಬೇರೆ ಬಲ ಇಲ್ಲ. ಆ ಡಬ್ಬ ನಿಮ್ಮ ಫ್ರಿಜ್ ವಾಲ್ವ್‌ಗಿಂತ ಐದು ಅಡಿ ಮೇಲಿದೆ ಅಂದುಕೊಂಡರೂ ಸಿಗುವುದು 2 ಪಿಎಸ್‌ಐ ಚಿಲ್ಲರೆ. ಕೇಳುವುದು 20, ಕೊಡುತ್ತಿರುವುದು 2.

ಇಷ್ಟಕ್ಕೇ ಮುಗಿಯಲಿಲ್ಲ. ವಾಲ್ವ್ ಇರುವುದು ಫ್ರಿಜ್‌ನ ಕಾಲ ಹತ್ತಿರ. ಐಸ್ ಟ್ರೇ ಇರುವುದು ಫ್ರೀಜರ್‌ನ ಮೇಲಿನ ಭಾಗದಲ್ಲಿ, ಬಹುತೇಕ ನಿಮ್ಮ ಎದೆಯ ಮಟ್ಟಕ್ಕೆ. ಅಂದರೆ ನೀರು ಆರ್‌ಒದಿಂದ ಕೆಳಗಿಳಿದು, ಮತ್ತೆ ಅಷ್ಟೇ ಎತ್ತರ ಹತ್ತಬೇಕು. ಆರ್‌ಒ ಡಬ್ಬ ತುಂಬಿದ್ದಾಗ ಹೇಗೋ ತೆವಳಿಕೊಂಡು ಹೋಗುತ್ತದೆ. ನೀವು ಅಡುಗೆಗೆ ನಾಲ್ಕು ಲೀಟರ್ ಹಿಡಿದುಕೊಂಡ ಮೇಲೆ ಅದೂ ಇಲ್ಲ. "ಕೆಲವು ದಿನ ಬರುತ್ತೆ ಸಾರ್, ಕೆಲವು ದಿನ ಬರಲ್ಲ, ಫ್ರಿಜ್‌ಗೆ ಏನೋ ಹಿಡಿದುಕೊಂಡಿದೆ" ಅಂತ ಮಾಲೂರಿನಲ್ಲಿ ಒಬ್ಬರು ಹೇಳಿದ್ದರು. ಹಿಡಿದುಕೊಂಡದ್ದು ಇದೇ.

ಹಾಗಾದರೆ ಪೂರ್ತಿ ನಿಂತದ್ದು ಯಾಕೆ? ಇಲ್ಲಿ ಒಂದು ಸೂಕ್ಷ್ಮ ಇದೆ. ನಿಮ್ಮ ಮೆಕ್ಯಾನಿಕ್ ಬಿಟ್ಟದ್ದೂ ಇದನ್ನೇ ಇರಬೇಕು. ಆ ವಾಲ್ವ್ ಒಳಗೆ ಒಂದು ರಬ್ಬರ್ ಪೊರೆ ಇರುತ್ತದೆ. ವಾಲ್ವ್ ಮುಚ್ಚುವಾಗ ಆ ಪೊರೆಯನ್ನು ಒತ್ತಿ ಹಿಡಿಯುವುದು ಹಿಂದಿನಿಂದ ಬರುವ ನೀರಿನ ಪ್ರೆಶರೇ. ಪ್ರೆಶರ್ ಚೆನ್ನಾಗಿದ್ದರೆ ಬಿಗಿಯಾಗಿ ಕೂರುತ್ತದೆ. ಇಲ್ಲದಿದ್ದರೆ ಸರಿಯಾಗಿ ಕೂರದೆ ತೊಟ್ಟಿಕ್ಕುತ್ತದೆ. ಒಂದೊಂದೇ ಹನಿ, ರಾತ್ರಿಯಿಡೀ. ಆ ಹನಿ ಫ್ರೀಜರ್ ಒಳಗೆ ಟ್ರೇ ಮೇಲಿರುವ ಪೈಪಿನ ತುದಿಗೆ ಬಂದು, ಬೀಳುವ ಮೊದಲೇ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಇನ್ನೊಂದು. ಮೇಣದ ಬತ್ತಿ ಕರಗಿ ಪಕ್ಕದಲ್ಲಿ ಗಟ್ಟಿಯಾಗುತ್ತದಲ್ಲ, ಹಾಗೆ ಪೈಪಿನ ಬಾಯಿ ಮುಚ್ಚಿಕೊಳ್ಳುತ್ತಾ ಬರುತ್ತದೆ. ಒಂದು ದಿನ ಪೂರ್ತಿ ಬಂದ್. ಆಮೇಲೆ ನೀವು ಎಷ್ಟೇ ಪ್ರೆಶರ್ ಕೊಟ್ಟರೂ ಟ್ರೇಗೆ ಹನಿ ಬೀಳುವುದಿಲ್ಲ. ಜನ ಪಂಪ್ ಹಾಕಿಸಿ, "ಪಂಪ್ ಹಾಕಿದರೂ ಬರಲಿಲ್ಲ, ಐಸ್ ಮೇಕರೇ ಹೋಗಿದೆ" ಅನ್ನುವುದು ಇದಕ್ಕೇ.

ಆದ್ದರಿಂದ ಇವತ್ತು ಸಂಜೆ ಮೊದಲು ಈ ಪೈಪಿನ ಬಾಯಿ ನೋಡಿ. ಫ್ರಿಜ್ ಪ್ಲಗ್ ತೆಗೆಯಿರಿ. ಐಸ್ ಬೀಳುವ ಡಬ್ಬ ಆಚೆ ಎಳೆಯಿರಿ. ಮೊಬೈಲ್ ಟಾರ್ಚ್ ಹಾಕಿ ಟ್ರೇ ಹಿಂಭಾಗದ ಮೇಲ್ಗಡೆ ನೋಡಿದರೆ ಬೆರಳು ಗಾತ್ರದ ಬಿಳಿ ಪೈಪ್ ಅಥವಾ ಸಣ್ಣ ದೋಣಿಯಂಥ ಭಾಗ ಕಾಣುತ್ತದೆ. ಅದರ ಬಾಯಲ್ಲಿ ಐಸ್ ಗಡ್ಡೆ ಇದ್ದರೆ ರೋಗ ಸಿಕ್ಕಿತು. ಚಾಕು, ಸ್ಕ್ರೂಡ್ರೈವರ್ ಹಾಕಿ ಕುಟ್ಟಬೇಡಿ, ದಯವಿಟ್ಟು. ಪ್ಲಾಸ್ಟಿಕ್ ಒಡೆದರೆ ಆಗ ನಿಜವಾಗಲೂ ಸೆಟ್ ಬದಲಾಯಿಸಬೇಕಾಗುತ್ತದೆ. ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಬಿಸಿನೀರು, ಕೈಗೆ ಹಿತವಾಗುವಷ್ಟು ಬಿಸಿ ಸಾಕು, ತುಂಬಿಕೊಂಡು ಆ ಬಾಯಿಗೆ ಸ್ವಲ್ಪ ಸ್ವಲ್ಪ ಬಿಡಿ. ಕೆಳಗೆ ಒಂದು ಬಟ್ಟೆ ಇಡಿ. ಹತ್ತು ನಿಮಿಷ ತಾಳ್ಮೆ ಇದ್ದರೆ ಗಡ್ಡೆ ಸಡಿಲವಾಗಿ ಜಾರಿ ಬರುತ್ತದೆ. ಹೊರಬಂದಾಗ ನೋಡಿ, ಪೆನ್ಸಿಲ್ ತುಂಡಿನ ಹಾಗೆ ಉದ್ದಕ್ಕಿರುತ್ತದೆ. ಅಷ್ಟು ಚಿಕ್ಕ ವಸ್ತು ಎರಡು ತಿಂಗಳು ನಿಮ್ಮನ್ನು ಆಟ ಆಡಿಸಿದೆ.

ಗಡ್ಡೆ ಇಲ್ಲದಿದ್ದರೆ? ಆಗ ಹಿಂದಕ್ಕೆ ಹೋಗಬೇಕು. ಫ್ರಿಜ್ ಎಳೆದಾಗ ಮೊದಲು ಪೈಪ್ ಮಡಚಿದೆಯಾ ನೋಡಿ. ಹಬ್ಬಕ್ಕೆ ಮನೆ ತೊಳೆದು ಫ್ರಿಜ್ ಮತ್ತೆ ಗೋಡೆಗೆ ತಳ್ಳುವಾಗ ಪೈಪ್ ಮಡಚಿಕೊಳ್ಳುವುದು ಎಷ್ಟು ಮನೆಯಲ್ಲಿ ನೋಡಿದ್ದೇನೋ ಲೆಕ್ಕ ಇಲ್ಲ. ಯುಗಾದಿ ಆದ ವಾರ ನನಗೆ ಫೋನ್ ಜಾಸ್ತಿ. ಪೈಪಿಗೆ ಹಾಕಿರುವ ಸಣ್ಣ ಕಾಕ್ ಅರ್ಧ ತಿರುಗಿರುತ್ತದೆ, ಅದನ್ನೂ ನೋಡಿ.

ಆಮೇಲೆ ಕಾಕ್ ಮುಚ್ಚಿ, ಪ್ಲಗ್ ತೆಗೆದೇ ಇಟ್ಟು, ವಾಲ್ವ್‌ಗೆ ಬರುವ ಪೈಪ್ ಬಿಚ್ಚಿ. ತುದಿಯನ್ನು ಬಕೆಟ್‌ಗೆ ಬಿಟ್ಟು ಕಾಕ್ ತೆರೆಯಿರಿ. ನೀರು ಜೋರಾಗಿ ಚಿಮ್ಮಬೇಕು. ನಿಮ್ಮಲ್ಲಿ ಚಿಮ್ಮುವುದಿಲ್ಲ, ಸುರಿಯುತ್ತದೆ ಅಷ್ಟೇ, ನೋಡಿ ಬೇಕಾದರೆ. ಪೈಪ್ ಬಿಚ್ಚಿದಾಗಲೇ ವಾಲ್ವ್ ಬಾಯೊಳಗೆ ಇಣುಕಿ. ಅಲ್ಲಿ ಬೆರಳುಗುರು ಗಾತ್ರದ ಒಂದು ಜರಡಿ ಇರುತ್ತದೆ.

ಆ ಜರಡಿಯ ಬಗ್ಗೆ ನನ್ನದೇ ಒಂದು ಕತೆ ಹೇಳಬೇಕು. ಬಹಳ ವರ್ಷದ ಹಿಂದಿನ ಮಾತು. ಶ್ರೀನಿವಾಸಪುರದ ಕಡೆ ಮಾವಿನ ತೋಟದವರ ಮನೆ, ಮೇ ತಿಂಗಳು, ಮನೆ ತುಂಬಾ ನೆಂಟರು, ಜ್ಯೂಸ್‌ಗೆ ಐಸ್ ಇಲ್ಲ. ನಾನೂ ನಿಮ್ಮ ಮೆಕ್ಯಾನಿಕ್ ಹಾಗೆಯೇ ಟ್ರೇ ಒಣಗಿರುವುದು ನೋಡಿ, ಐಸ್ ಮೇಕರ್ ತರಿಸಿ ಹಾಕಿದೆ. ಪೈಪ್ ಬಿಚ್ಚಿ ಹಾಕುವಾಗ ಜರಡಿ ಮೇಲಿನ ಕಸ ಸ್ವಲ್ಪ ಅಲ್ಲಾಡಿರಬೇಕು, ನೀರು ಬಂತು. ಎಲ್ಲರಿಗೂ ಖುಷಿ. ಮೂರು ವಾರಕ್ಕೆ ಮತ್ತೆ ಫೋನ್. ಈ ಸಲ ಜರಡಿ ತೆಗೆದು ಅಂಗೈ ಮೇಲಿಟ್ಟುಕೊಂಡೆ. ಅದರ ತೂತು ಒಂದೂ ಕಾಣುತ್ತಿರಲಿಲ್ಲ. ವೀಳ್ಯದೆಲೆಗೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಮುಚ್ಚಿಹೋಗಿತ್ತು. ಬೋರ್‌ವೆಲ್ ನೀರಿನ ಉಪ್ಪು. ದುಡ್ಡು ವಾಪಸ್ ಕೊಟ್ಟು ಬಂದೆ. ಅವರ ಹಳೆಯ ಐಸ್ ಮೇಕರ್ ಇನ್ನೂ ನನ್ನ ಅಂಗಡಿಯ ಅಟ್ಟದ ಮೇಲಿದೆ. ಅದು ಚೆನ್ನಾಗಿಯೇ ಇದೆ.

ನೀವು ಮೊದಲು ಸೋಸದ ಟೆರೇಸ್ ಲೈನ್ ನೀರನ್ನೇ ಕೊಟ್ಟಿದ್ದೀರಿ. ಹಾಗಾಗಿ ನಿಮ್ಮ ಜರಡಿಯಲ್ಲೂ ಸುಣ್ಣ ಕೂತಿರಬಹುದು. ಚಿಮಟಿಗೆಯಿಂದ ಮೆಲ್ಲಗೆ ತೆಗೆದು, ವಿನೆಗರ್ ಅಥವಾ ನಿಂಬೆ ಉಪ್ಪು ಕಲಸಿದ ನೀರಿನಲ್ಲಿ ಅರ್ಧ ಗಂಟೆ ಇಡಿ. ಸಣ್ಣ ಗುಳ್ಳೆ ಏಳುತ್ತದೆ, ಸುಣ್ಣ ಬಿಡುತ್ತಿದೆ ಅಂತ ಅರ್ಥ. ಹಳೆ ಟೂತ್ ಬ್ರಷ್‌ನಲ್ಲಿ ಉಜ್ಜಿ, ತೊಳೆದು, ವಾಪಸ್ ಹಾಕಿ. ಜರಡಿ ಇಲ್ಲದೆ ಮಾತ್ರ ಪೈಪ್ ಜೋಡಿಸಬೇಡಿ. "ಅದೇ ತೊಂದರೆ ಕೊಡೋದು, ಬಿಸಾಕಿ" ಅನ್ನುವ ಜಾಣರಿದ್ದಾರೆ. ಆ ಕಸ ಆಮೇಲೆ ರಬ್ಬರ್ ಪೊರೆಗೆ ಸಿಕ್ಕಿಕೊಂಡು ವಾಲ್ವ್ ಮುಚ್ಚುವುದೇ ಇಲ್ಲ, ಫ್ರೀಜರ್ ತುಂಬಾ ಐಸ್ ಬಂಡೆ.

ಕರೆಂಟಿನ ಕಡೆ ಜಾಸ್ತಿ ಹೋಗುವುದಿಲ್ಲ, ನಿಮ್ಮ ತೊಂದರೆ ಅಲ್ಲಿ ಇರುವ ಹಾಗೆ ಕಾಣುತ್ತಿಲ್ಲ. ಬಹಳಷ್ಟು ಐಸ್ ಮೇಕರ್‌ಗಳಲ್ಲಿ ಒಂದು ಟೆಸ್ಟ್ ಬಟನ್ ಇರುತ್ತದೆ. ಎಲ್ಲ ಜೋಡಿಸಿ, ಪ್ಲಗ್ ಹಾಕಿ, ಫ್ರೀಜರ್ ಮತ್ತೆ ತಣ್ಣಗಾದ ಮೇಲೆ ಅದನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಟ್ರೇ ತಿರುಚಿಕೊಂಡು ವಾಪಸ್ ಬಂದರೆ ಮೋಟರ್ ಬದುಕಿದೆ. ಆಮೇಲೆ ಹಿಂದಿನಿಂದ "ಝೂಂ" ಅಂತ ಏಳೆಂಟು ಸೆಕೆಂಡ್ ಸದ್ದು ಬಂದರೆ ವಾಲ್ವ್‌ಗೆ ಕರೆಂಟ್ ಹೋಗುತ್ತಿದೆ. ಸದ್ದು ಬಂದು ನೀರು ಬರಲಿಲ್ಲ ಅಂದರೆ ತೊಂದರೆ ನೀರಿನದು. ಸದ್ದೇ ಇಲ್ಲ ಅಂದರೆ ವಾಲ್ವ್ ಕಾಯಿಲ್ ಅಥವಾ ಬೋರ್ಡ್. ಅದಕ್ಕೆ ಮಲ್ಟಿಮೀಟರ್ ಇರುವವರನ್ನು ಕರೆಯಿರಿ, ಕೆಲವು ವಾಲ್ವ್‌ಗೆ ನೇರ 230 ವೋಲ್ಟ್ ಬರುತ್ತದೆ. ನೀರು, ಕರೆಂಟ್ ಎರಡೂ ಇರುವ ಜಾಗದಲ್ಲಿ ಸಾಹಸ ಬೇಡ. ಪ್ಯಾನೆಲ್‌ನಲ್ಲಿ "ಐಸ್ ಆಫ್" ಆಗಿದೆಯಾ ಅಂತಲೂ ನೋಡಿ. ಎರಡು ತಿಂಗಳಿಂದ ಅದೇ ಆಗಿದ್ದರೆ ನಿಮಗೂ ನಗು, ನನಗೂ ನಗು.

ಈಗ ಪರಿಹಾರ. ಆರ್‌ಒ ಲೈನ್ ಬಿಟ್ಟು ಹಳೆಯ ಪ್ರೆಶರ್ ಪಂಪ್ ಲೈನ್‌ಗೇ ವಾಪಸ್ ಹೋಗೋಣವಾ ಅಂತ ನಿಮಗೆ ಅನ್ನಿಸಬಹುದು. ಐಸ್ ಬರುತ್ತದೆ, ನಿಜ. ಆದರೆ ನಾನು ಒಪ್ಪುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರು, ನಲ್ಲಿ ಬಂದ ದಿನ ನಲ್ಲಿ ನೀರು, ಎರಡೂ ಕೈಕೊಟ್ಟರೆ ಟ್ಯಾಂಕರ್, ಎಲ್ಲ ಒಂದೇ ಸಂಪಿನಲ್ಲಿ ಸೇರುತ್ತದೆ. ಗಡಸು ಬಿಡಿ, ಅದು ಜರಡಿ ಕೆಡಿಸುತ್ತದೆ ಅಷ್ಟೇ. ಕೋಲಾರದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ ಅನ್ನುವುದು ಊರಿಗೆಲ್ಲ ಗೊತ್ತಿರುವ ವಿಷಯ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5 ತನಕ ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ಫ್ರಿಜ್ ಒಳಗಿರುವ ಫಿಲ್ಟರ್ ಇದ್ದಿಲಿನದು. ಕ್ಲೋರಿನ್ ವಾಸನೆ, ಸಣ್ಣ ಕಸ ಹಿಡಿಯುತ್ತದೆ. ಫ್ಲೋರೈಡ್ ಹಿಡಿಯುವುದಿಲ್ಲ, ಉಪ್ಪು ಹಿಡಿಯುವುದಿಲ್ಲ. ಐಸ್ ಕೂಡ ಕುಡಿಯುವ ನೀರೇ ಅಲ್ವಾ? ಹಾಗಾಗಿ ಆರ್‌ಒ ನೀರು ಕೊಟ್ಟದ್ದು ಸರಿಯಾದ ಯೋಚನೆ. ಪ್ಲಂಬರ್ ಅರ್ಧ ಕೆಲಸ ಮಾಡಿದ್ದಾನೆ, ಉಳಿದರ್ಧ ಮಾಡಿಸಬೇಕು.

ಆ ಉಳಿದರ್ಧ ಅಂದರೆ ಆರ್‌ಒ ಮತ್ತು ಫ್ರಿಜ್ ನಡುವೆ ಒಂದು ಸಣ್ಣ ಬೂಸ್ಟರ್ ಪಂಪ್. ಆರ್‌ಒ ರಿಪೇರಿ ಅಂಗಡಿಯಲ್ಲಿ ಸಿಗುವ 24 ವೋಲ್ಟ್ ಪಂಪ್ ಸಾಕು. ಜೊತೆಗೆ ಪ್ರೆಶರ್ ಸ್ವಿಚ್ ಇರಲೇಬೇಕು. ಫ್ರಿಜ್ ವಾಲ್ವ್ ತೆರೆದಾಗ ಲೈನ್‌ನಲ್ಲಿ ಪ್ರೆಶರ್ ಇಳಿಯುತ್ತದೆ, ಪಂಪ್ ತಾನಾಗಿ ಓಡುತ್ತದೆ. ಮುಚ್ಚಿದಾಗ ಪ್ರೆಶರ್ ಏರಿ ನಿಲ್ಲುತ್ತದೆ. ಸ್ವಿಚ್ ಇಲ್ಲದೆ ಸುಮ್ನೆ ಪಂಪ್ ಹಾಕಿದರೆ ಅದು ಓಡುತ್ತಲೇ ಇದ್ದು ಸುಡುತ್ತದೆ, ಇಲ್ಲ ಪೈಪ್ ಜಾಯಿಂಟ್ ಬಿಚ್ಚಿ ಅಡುಗೆಮನೆ ಕೆರೆಯಾಗುತ್ತದೆ. ಲೈನ್ ಪ್ರೆಶರ್ 40 ಪಿಎಸ್‌ಐ ಆಸುಪಾಸು ಇರಲಿ. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತೇನಿಲ್ಲ, ಫ್ರಿಜ್ ತಡೆಯುವುದು ಸಾಮಾನ್ಯವಾಗಿ 120 ತನಕ. ಪಂಪ್ ಅನ್ನು ಆರ್‌ಒ ಡಬ್ಬಕ್ಕಿಂತ ಕೆಳಗೆ ಇಡಿಸಿ, ಮೇಲಿಟ್ಟರೆ ಗಾಳಿ ಎಳೆಯುತ್ತದೆ.

ಇನ್ನೊಂದು ಸಣ್ಣ ಕೆಲಸ. ಆರ್‌ಒ ನೀರು ಕೊಡುತ್ತಿರುವಾಗ ಫ್ರಿಜ್ ಒಳಗಿನ ಫಿಲ್ಟರ್ ಬೇಕಾಗಿಲ್ಲ. ಮೂರು ವರ್ಷದಿಂದ ಬದಲಾಯಿಸಿಯೇ ಇಲ್ಲ ಅಂದರೆ ಅದೂ ನೀರು ತಡೆಯುತ್ತಿರುತ್ತದೆ. ಅದರ ಬಾಳಿಕೆ ಆರು ತಿಂಗಳು. ಅದರ ಜಾಗಕ್ಕೆ ಹಾಕುವ ಬೈಪಾಸ್ ಮುಚ್ಚಳ ಹಲವು ಮಾಡೆಲ್‌ಗಳಿಗೆ ಸಿಗುತ್ತದೆ, ಕೆಲವದಕ್ಕೆ ಡಬ್ಬದಲ್ಲೇ ಕೊಟ್ಟಿರುತ್ತಾರೆ. ಫ್ರಿಜ್ ತಂದ ದಿನದ ಪ್ಲಾಸ್ಟಿಕ್ ಚೀಲ ಯಾವ ಡ್ರಾಯರ್‌ನಲ್ಲಿದೆ ಹುಡುಕಿ.

ಎಲ್ಲ ಮುಗಿದ ಮೇಲೆ ಬಾಗಿಲಿನ ನಲ್ಲಿಯಿಂದ ಮೂರ್ನಾಲ್ಕು ಲೀಟರ್ ನೀರು ಹಿಡಿದು ಗಿಡಕ್ಕೆ ಹಾಕಿ, ಪೈಪಿನಲ್ಲಿರುವ ಗಾಳಿ ಹೋಗಲಿ. ಫ್ರೀಜರ್ ಮೈನಸ್ 18ಕ್ಕೆ ಇಡಿ. ಒಂದು ದಿನ ಪೂರ್ತಿ ಕಾಯಿರಿ, ಗಂಟೆಗೊಮ್ಮೆ ಬಾಗಿಲು ತೆಗೆದು ಇಣುಕಿದರೆ ಇನ್ನೂ ತಡ. ಮೊದಲ ಎರಡು ಮೂರು ಸಲದ ಐಸ್ ಬಿಸಾಕಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ. ಆರ್‌ಒ ನೀರಿನ ಐಸ್ ಕೂಡ ನಡುವೆ ಬೆಳ್ಳಗೇ ಇರುತ್ತದೆ. ನಿಮ್ಮೂರಿನ ಬಣ್ಣವಿಲ್ಲದ ಪಾನಿಪುರಿ ನೀರಿನ ಹಾಗೆ ಕನ್ನಡಿಯಂತೆ ತಿಳಿ ಬರುವುದಿಲ್ಲ. ಐಸ್ ಹೊರಗಿನಿಂದ ಒಳಕ್ಕೆ ಕಟ್ಟುತ್ತದೆ, ನೀರಿನಲ್ಲಿದ್ದ ಗಾಳಿ ನಡುವೆ ಸಿಕ್ಕಿಕೊಳ್ಳುತ್ತದೆ. ಅದು ಗಾಳಿ, ಸುಣ್ಣ ಅಲ್ಲ. ಕರಗಿದಾಗ ಲೋಟದ ತಳದಲ್ಲಿ ಏನೂ ಉಳಿಯದಿದ್ದರೆ ಆರ್‌ಒ ಸರಿಯಾಗಿದೆ. ಬಿಳಿ ಚೂರು ಮತ್ತೆ ಕಂಡರೆ ಮೆಂಬ್ರೇನ್ ಮುಗಿದಿದೆ.

ಪಂಪ್ ಹಾಕಿಸುವ ಮೊದಲು ಒಂದು ಸಲ, ಹಾಕಿಸಿದ ಮೇಲೆ ಒಂದು ಸಲ, ಅಳತೆ ಲೋಟ ಹಿಡಿದು ಬಾಗಿಲಿನ ನಲ್ಲಿಯಿಂದ ಹತ್ತು ಸೆಕೆಂಡ್ ನೀರು ತುಂಬಿಸಿ ನೋಡಿ. 170 ಮಿಲಿಲೀಟರ್ ಹತ್ತಿರ ಬಂದರೆ ಐಸ್ ಮೇಕರ್‌ಗೆ ಅಷ್ಟು ಸಾಕು. ಎರಡು ಸಲವೂ ಎಷ್ಟು ಬಂತು ಅಂತ ಬರೆದು ತಿಳಿಸಿ. ಪೈಪಿನ ಬಾಯಲ್ಲಿ ಐಸ್ ಗಡ್ಡೆ ಸಿಕ್ಕಿತಾ ಅದನ್ನೂ ಬರೆಯಿರಿ. ಅಲ್ಲಿಯ ತನಕ ಎರಡು ಪ್ಲಾಸ್ಟಿಕ್ ಟ್ರೇ ತಂದು ಆರ್‌ಒ ನೀರು ಹಾಕಿ ಫ್ರೀಜರ್‌ನಲ್ಲಿಡಿ.